ರೈಟ್ ಅಂದರೆ ಯಾವ ಕಡೆ?

ಯಾವ ಬೀದಿಗೆ ಹೋದರೂ ಅಲ್ಲೊಂದು ಮನೆ ಇರುತ್ತದೆ, ಆ ಮನೆಯಲ್ಲಿ ಒಬ್ಬರು ಒಳಗೇ ಕೂತಿರುತ್ತಾರೆ. ಬೀದಿಯವರಿಗೆಲ್ಲ ವಿಷಯ ಗೊತ್ತು. "ಅವರ ಮನೇಲಿ ಒಂದು ಹುಡುಗಿ ಇದ್ಯಂತೆ, ಕಣ್ಣು ಕಾಣಲ್ವಂತೆ, ಪಾಪ" ಎಂದು ಲೊಚಗುಟ್ಟುತ್ತಾರೆ, ತಮ್ಮ ದಾರಿ ಹಿಡಿಯುತ್ತಾರೆ. ಒಳಗೆ ಬಂದು ಹೇಗಿದ್ದೀಯಮ್ಮ ಎಂದು ಕೇಳುವ ಪುರಸೊತ್ತು ಯಾರಿಗೂ ಇಲ್ಲ.

ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಒಬ್ಬ ಕಂಡಕ್ಟರನ ಮನೆ. ನಮ್ಮ ಕಥೆಯ ಹುಡುಗಿ ಅವನ ಒಬ್ಬಳೇ ಮಗಳು. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಇಪ್ಪತ್ತು ದಾಟಿದ ಹೆಣ್ಣು, ಆದರೂ ಮನೆಯಲ್ಲಿ ಅವಳ ಹೆಸರು ಇನ್ನೂ ಪಾಪು. ಹೊರಗೆ ಪಾಪ, ಒಳಗೆ ಪಾಪು. ಶಾಲೆಯಲ್ಲಿ ತನಗೊಂದು ನೆಟ್ಟಗಿನ ಹೆಸರಿತ್ತು ಎನ್ನುವುದು ಅವಳಿಗೇ ಮರೆತುಹೋಗುವ ಹಾಗಾಗಿತ್ತು.

ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆ ನೋಡಿಕೊಳ್ಳುತ್ತಿದ್ದವಳು ಕಂಡಕ್ಟರನ ಅಕ್ಕ, ಪಾಪುವಿಗೆ ಸೋದರತ್ತೆ. ಅತ್ತೆಗೆ ಪ್ರೀತಿ ಹೆಚ್ಚು, ಭಯ ಅದಕ್ಕಿಂತ ಹೆಚ್ಚು. ಒಲೆ ಹತ್ತಿರ ಬರಬೇಡ, ಮೆಟ್ಟಿಲು ಇಳಿಯಬೇಡ, ಕತ್ತರಿ ಮುಟ್ಟಬೇಡ. ಇಷ್ಟು ಬೇಡಗಳನ್ನು ಕಳೆದ ಮೇಲೆ ಪಾಪುವಿನ ಪಾಲಿಗೆ ಉಳಿದದ್ದು ಕಿಟಕಿ ಪಕ್ಕದ ಕುರ್ಚಿ ಮತ್ತು ಬಟಾಣಿ ಸುಲಿಯುವ ಕೆಲಸ. ಬೀದಿಯ ಸದ್ದುಗಳೆಲ್ಲ ಅವಳಿಗೆ ಬಾಯಿಪಾಠ. ಎದುರಿನ ಮೆಕ್ಯಾನಿಕ್ ಯಾವ ಗಾಡಿಯ ನಟ್ಟು ಬಿಚ್ಚುತ್ತಿದ್ದಾನೆ ಎಂದು ಕೂಡ ಹೇಳಬಲ್ಲಳು. ಹೇಳುವುದು ಯಾರಿಗೆ? ಫೋನು ಅವಳಿಗೆ ಸುದ್ದಿ ಓದಿ ಹೇಳುತ್ತಿತ್ತು, ಆದರೆ ಫೋನಿಗೆ ನಮ್ಮ ಕಥೆ ಕೇಳುವ ಕುತೂಹಲ ಇರುವುದಿಲ್ಲವಲ್ಲ.

ನೆಂಟರು ಬಂದಾಗ ಇನ್ನೂ ಕಷ್ಟ. ನಡುಮನೆಯಲ್ಲಿ ಮದುವೆ, ಸಿನಿಮಾ, ಕೆಲಸ ಎಂದು ಮಾತು ಜೋರಾಗಿ ನಡೆದಿರುತ್ತಿತ್ತು. ಪಾಪು ಗೋಡೆ ಸವರಿಕೊಂಡು ಬಾಗಿಲಿಗೆ ಬರುವುದೇ ತಡ, ಎಲ್ಲರ ಬಾಯಿಗೂ ಬೀಗ. ಅವಳಿಗೆ ನೋವಾದೀತೆಂದು ಅವರು ಸುಮ್ಮನಾಗುತ್ತಿದ್ದರು, ಹಾಗೆ ಸುಮ್ಮನಾಗುವುದೇ ಅವಳಿಗೆ ನೋವಾಗುತ್ತಿತ್ತು.

ಅಪ್ಪನಂತೂ ಹಗಲೆಲ್ಲ ಬಸ್ಸಿನಲ್ಲಿ ಕೂಗಿ ಕೂಗಿ, ಮನೆಗೆ ಬಂದರೆ ಉಭ ಶುಭ ಇಲ್ಲ. "ಊಟ ಆಯ್ತಾ?" "ಆಯ್ತು." ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಪಾಪುವಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು, ಟಿಕೆಟ್ ತೆಗೆದುಕೊಂಡು ಅಪ್ಪನ ಬಸ್ಸಿನಲ್ಲೇ ಹೋಗಿ ಕೂತುಬಿಡಬೇಕು. ಆಗಲಾದರೂ "ಎಲ್ಲಿಗಮ್ಮಾ?" ಎಂದು ಒಂದು ಮಾತು ಹೆಚ್ಚಿಗೆ ಕೇಳಿಯಾನು.

ಹೀಗಿರುವಾಗ ಒಂದು ಸಂಜೆ ಅವಳ ಹಳೆಯ ಡ್ರಿಲ್ ಟೀಚರಮ್ಮ ಮನೆಗೆ ಬಂದರು. ಅಂಧ ಮಕ್ಕಳ ಶಾಲೆಯಲ್ಲಿ ಪಾಪುವಿಗೆ ಉದ್ದ ಜಿಗಿತ ಕಲಿಸಿದವರು ಅವರೇ. ಆ ಶಾಲೆಯಲ್ಲಿ ಅವಳಷ್ಟು ದೂರ ಜಿಗಿದವರು ಇರಲಿಲ್ಲ. ಶಾಲೆ ಮುಗಿದ ಮೇಲೆ ಜಿಗಿತವೂ ಮುಗಿದಿತ್ತು.

"ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಕೂಟ ಇದೆ," ಎಂದರು ಟೀಚರಮ್ಮ, ನೀರು ಕುಡಿದು ಲೋಟ ಇಡುವ ಮೊದಲೇ. "ಓಟ, ಜಿಗಿತ, ಎಸೆತ ಎಲ್ಲಾ ಇರುತ್ತೆ. ಬರೋರೆಲ್ಲ ವಿಕಲಚೇತನರೇ. ಕಾಲಿಲ್ಲದೋರು, ಗಾಲಿ ಕುರ್ಚಿಯವರು, ಕಣ್ಣು ಕಾಣದೋರು. ಅವರವರ ಗುಂಪಲ್ಲಿ ಅವರವರಿಗೆ ಸ್ಪರ್ಧೆ. ಅದಕ್ಕೆ ಇಲ್ಲಿ ಆಯ್ಕೆ ನಡೆಯುತ್ತೆ. ಇವಳನ್ನ ಕಳಿಸಿಕೊಡಿ."

ಪಾಪುವಿನ ಕೈಯಲ್ಲಿದ್ದ ಬಟಾಣಿ ಅಲ್ಲೇ ನಿಂತಿತು.

"ತಮಾಷೆ ಮಾಡ್ತೀರಾ ಟೀಚರಮ್ಮ?" ಎಂದಳು ಅತ್ತೆ. "ಎರಡು ಕಣ್ಣಿರೋ ನಾನೇ ಅಂಗಳದಲ್ಲಿ ಎಡವಿ ಬೀಳ್ತೀನಿ. ಇವಳು ಓಡಿಬಂದು ಹಾರ್ಬೇಕಾ?"

"ನೀವು ಪಕ್ಕದ ಮನೆ ನೋಡ್ಕೊಂಡು ನಡೀತೀರಿ ಅಮ್ಮ, ಅದಕ್ಕೆ ಎಡವ್ತೀರಿ. ಇವಳು ಕಿವಿಗೊಟ್ಟು ಓಡ್ತಾಳೆ."

ಅತ್ತೆ ಮೂಗು ಮುರಿದಳು. ಕಂಡಕ್ಟರ್ ಮೆಲ್ಲಗೆ ಕೇಳಿದ, "ಬಿದ್ದರೆ?"

"ಮರಳಿನ ಮೇಲೆ ಬೀಳ್ತಾಳೆ. ಉದ್ದ ಜಿಗಿತ ಅಂದ್ರೆ ಬೀಳೋದೇ ಅಲ್ವಾ? ಗುಂಡಿ ಹತ್ರ ಒಬ್ಬರು ನಿಂತು ಚಪ್ಪಾಳೆ ತಟ್ಟಿ ಕೂಗ್ತಾರೆ. ಇವಳು ಆ ದನಿ ಹಿಡಿದು ಓಡಿಬರ್ತಾಳೆ. ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ ಕಟ್ಟಿರ್ತಾರೆ, ಒಬ್ಬರಿಗೆ ಮಸುಕಾಗಿ ಕಂಡು ಇನ್ನೊಬ್ಬರಿಗೆ ಕಾಣದೆ ಮೋಸ ಆಗಬಾರದು ಅಂತ."

"ಜನ ನೋಡಿ ನಗಲ್ವಾ?" ಅತ್ತೆ ಮತ್ತೆ ಬಾಯಿ ಹಾಕಿದಳು.

"ನಗೋದಿರ್ಲಿ, ಕೆಮ್ಮೋ ಹಾಗೂ ಇಲ್ಲ. ಇವಳಿಗೆ ದನಿ ಕೇಳಬೇಕಲ್ಲ, ಅದಕ್ಕೆ ಅಷ್ಟು ಜನವೂ ಬಾಯಿ ಮುಚ್ಕೊಂಡು ಕೂರಬೇಕು. ಚಪ್ಪಾಳೆ ಏನಿದ್ರೂ ಜಿಗಿದ ಮೇಲೆ."

ಟೀಚರಮ್ಮ ಮುಂದುವರಿಸಿದರು. "ಒಂದೇ ತೊಂದರೆ. ಈ ಸಲ ಆಯ್ಕೆಯಲ್ಲಿ ನನ್ನನ್ನ ಜಿಗಿತ ಅಳೆಯೋ ಕೆಲಸಕ್ಕೆ ಹಾಕಿದ್ದಾರೆ. ಅಳೆಯೋರು ಕೂಗೋ ಹಾಗಿಲ್ಲ. ಕೂಗೋಕೆ ಇವಳಿಗೆ ಬೇರೆ ಯಾರಾದ್ರೂ ಬೇಕು. ಕೂಗೋರಿಲ್ಲ ಅಂದ್ರೆ ಇವಳಿಗೆ ಜಿಗಿತವೂ ಇಲ್ಲ. ಗಂಟಲು ಗಟ್ಟಿ ಇರ್ಬೇಕು, ಅಷ್ಟೇ."

ಕುರ್ಚಿಗಳು ಕಿರುಗುಟ್ಟಿದ ರೀತಿಯಿಂದ ಎಲ್ಲರೂ ಅಪ್ಪನ ಕಡೆ ತಿರುಗಿದ್ದಾರೆಂದು ಪಾಪುವಿಗೆ ತಿಳಿಯಿತು.

"ಏ, ನನ್ನ ಕೈಲಾಗಲ್ಲ," ಎಂದ ಕಂಡಕ್ಟರ್.

"ನಾನು ಹೋಗ್ಬೇಕು ಅಪ್ಪ," ಎಂದಳು ಪಾಪು. ಏನನ್ನೂ ಕೇಳದ ಹುಡುಗಿ ಅಂದು ಕೇಳಿದಳು. ಅಪ್ಪನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅಭ್ಯಾಸ ಶುರುವಾಯಿತು. ಡ್ಯೂಟಿಗೆ ಹೋಗುವ ಮೊದಲು ಶಾಲೆಯ ಮೈದಾನಕ್ಕೆ ಅಪ್ಪ, ಮಗಳು. ಮಗಳು ಎಡಕ್ಕೆ ವಾಲಿದರೆ "ರೈಟ್" ಅನ್ನಬೇಕು, ಬಲಕ್ಕೆ ವಾಲಿದರೆ "ಲೆಫ್ಟ್" ಅನ್ನಬೇಕು, ಅಪಾಯ ಕಂಡರೆ "ನಿಲ್ಲು" ಅನ್ನಬೇಕು. ಶಾಲೆಯ ಡ್ರಿಲ್ಲಿನಿಂದಲೂ ಪಾಪು ಕಲಿತ ಮಾತುಗಳು ಅವೇ. ಕಂಡಕ್ಟರ್ ಪಾಠ ಒಪ್ಪಿಸುವವನ ಹಾಗೆ ಎಚ್ಚರಿಕೆಯಿಂದ ಕೂಗುತ್ತಿದ್ದ. ಮೈದಾನ ಬಿಟ್ಟು ಮನೆಯ ದಾರಿ ಹಿಡಿದರೆ ಮತ್ತೆ ಮೌನ. ಅವನ ತೋಳು ಹಿಡಿದು ನಡೆಯುತ್ತ ಪಾಪು ಆ ಬೆಳಗಿನ ಕೂಗುಗಳನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದಳು.

ಆಯ್ಕೆಯ ದಿನ ಅತ್ತೆಯೂ ಗೊಣಗುತ್ತಲೇ ಬಂದು ಗ್ಯಾಲರಿಯಲ್ಲಿ ಕೂತಳು. ಬಿದ್ದರೆ ಎತ್ತಲು ಮನೆಯವರು ಇರಬೇಕಲ್ಲ!

ಪಾಪುವಿನ ಸರದಿ ಬಂತು. ಕಣ್ಣಿಗೆ ಪಟ್ಟಿ ಕಟ್ಟಿದರು. ಮೈದಾನ ಸ್ತಬ್ಧವಾಯಿತು. ದೂರದಲ್ಲಿ ಅಪ್ಪನ ಚಪ್ಪಾಳೆ ಕೇಳಿತು, ಪಾಪು ಓಡಿದಳು. ನೆಟ್ಟಗೆ, ಹದವಾಗಿ, ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವಂತೆ ಓಡಿದಳು. ಇನ್ನೇನು ಹಾರಬೇಕು, ಅಷ್ಟರಲ್ಲಿ ಅಪ್ಪ ಗಂಟಲು ಹರಿಯುವ ಹಾಗೆ ಕೂಗಿದ.

"ರೈಟ್! ರೈಟ್! ರೈಟ್!"

ಪಾಪು ಬಲಕ್ಕೆ ಹೊರಳಿ ಹಾರಿದಳು. ಮರಳು ಸಿಗಲಿಲ್ಲ. ಗುಂಡಿಯ ಅಂಚಿಗೆ ಮೊಣಕಾಲು ಬಡಿದು ಆಚೆ ನೆಲಕ್ಕೆ ಉರುಳಿದಳು. ಗ್ಯಾಲರಿಯಿಂದ ಅತ್ತೆಯ ಕಿರುಚು ಕೇಳಿಸಿತು. ಅಳತೆಯ ಟೇಪು ಹಿಡಿದು ನಿಂತಿದ್ದ ಟೀಚರಮ್ಮ ಚಕಾರ ಎತ್ತುವಂತಿರಲಿಲ್ಲ.

ಅಪ್ಪ ಓಡಿಬಂದು ಎತ್ತಿ ಬೆಂಚಿನ ಮೇಲೆ ಕೂರಿಸಿದ.

"ನೀನು ರೈಟ್ ಅಂದೆ, ನಾನು ಬಲಕ್ಕೆ ಬಂದೆ. ನಾನು ಎಡಕ್ಕೆ ಹೋಗಿದ್ನಾ ಅಪ್ಪ?"

"ಇಲ್ಲ ಕಣೆ, ನೆಟ್ಟಗೇ ಬರ್ತಿದ್ದೆ. ಎಷ್ಟು ಚೆನ್ನಾಗಿ ಬರ್ತಿದ್ದೆ! ಖುಷಿಗೆ ಬಾಯಿಂದ ಬಂದುಬಿಡ್ತು. ಹೋಗ್ಲಿ, ಮುಂದಕ್ಕೆ ಹೋಗ್ಲಿ ಅಂತ... ಬಸ್ಸಿಗೆ ಹೇಳೋ ಹಾಗೆ ರೈಟ್ ಅಂದುಬಿಟ್ಟೆ."

ಪಾಪುವಿಗೆ ಅಷ್ಟು ನೋವಿನಲ್ಲೂ ನಗು ಬಂತು. "ನಾನೇನು ಬಸ್ಸಾ?"

ಅಪ್ಪ ನಗಲಿಲ್ಲ. "ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಸಾಕು, ನಡಿ ಮನೆಗೆ. ರಕ್ತ ಬರ್ತಿದೆ ನೋಡು."

"ಇನ್ನೂ ಜಿಗಿತ ಬಾಕಿ ಇದೆ."

"ಬೇಡ ಅಂದ್ನಲ್ಲ. ನಿನ್ನ ಕಾಲು ಮುರಿದು ನಾನು ಏನು ಸಾಧಿಸ್ಬೇಕಾಗಿದೆ?"

ಪಾಪು ಅವನ ಅಂಗಿಯ ತೋಳು ಹಿಡಿದುಕೊಂಡಳು. ಎಷ್ಟೋ ವರ್ಷ ನುಂಗಿಕೊಂಡಿದ್ದ ಮಾತು ಆ ಬೆಂಚಿನ ಮೇಲೆ ಹೊರಗೆ ಬಂತು.

"ಮನೇಲಿ ಕೂತ್ರೆ ರಕ್ತ ಬರಲ್ಲ ಅಪ್ಪ, ಅದಕ್ಕೆ ನಿಮಗೆ ಯಾರಿಗೂ ಗೊತ್ತಾಗಲ್ಲ. ನಾನು ಬಂದ ಕೂಡ್ಲೆ ಎಲ್ಲರೂ ಮಾತು ನಿಲ್ಲಿಸ್ತೀರಿ. ಕೂತ್ಕೋ ಅಂತೀರಿ, ಇರು ಅಂತೀರಿ, ಬೇಡ ಅಂತೀರಿ. ಬಾ ಅಂತ ಒಬ್ಬರೂ ಅನ್ನಲ್ಲ. ನಂಗೆ ಒಂಟಿ ಅನ್ಸುತ್ತೆ. ನೀವೆಲ್ಲ ಸುತ್ತ ಇರುವಾಗ್ಲೇ ಒಂಟಿ ಅನ್ಸುತ್ತೆ ಅಪ್ಪ."

ಅಪ್ಪನ ತೋಳು ಅವಳ ಕೈಯಿಂದ ಜಾರಿತು, ಹೆಜ್ಜೆ ದೂರವಾಯಿತು. ಯಾರೋ ಬಂದು ಮೊಣಕಾಲಿಗೆ ಪಟ್ಟಿ ಸುತ್ತಿದರು. ಅಪ್ಪ ಎಲ್ಲಿಗೆ ಹೋದನೆಂದು ಕೇಳಲು ಅವಳಿಗೆ ಧೈರ್ಯವಾಗಲಿಲ್ಲ.

ಮತ್ತೆ ಅವಳ ಸರದಿ ಬಂತು. ಮೈದಾನದ ಒಬ್ಬ ಹೆಂಗಸು ಕೈಹಿಡಿದು ಕರೆತಂದು ಓಟದ ತುದಿಯಲ್ಲಿ ನಿಲ್ಲಿಸಿ ಸರಿದಳು. ಮೈದಾನ ಮತ್ತೆ ಸ್ತಬ್ಧವಾಯಿತು. ಪಾಪುವಿಗೆ ಅಷ್ಟು ಜನರ ನಡುವೆ ತಾನೊಬ್ಬಳೇ ಇದ್ದಂತೆ ಅನ್ನಿಸಿತು. ಆ ತುದಿಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯದು. ಚಪ್ಪಾಳೆಯಿಲ್ಲ. ದನಿಯಿಲ್ಲ. ಅಪ್ಪ ಹೊರಟೇ ಹೋದನೇನೋ. ಇನ್ನು ಕೂಗುವವರಿಲ್ಲ, ಆಟ ಮುಗಿಯಿತು, ಮತ್ತೆ ಆ ಕುರ್ಚಿಯೇ ಗತಿ.

ಆಗ ದೂರದಿಂದ ಕೇಳಿಸಿತು.

"ಬಾ!"

ಒಡೆದ ದನಿ, ಅಳು ಬೆರೆತ ದನಿ. ಅಪ್ಪನದೇ.

"ಬಾ! ಬಾ ಮಗಳೇ! ಬಾ, ಬಾ, ಬಾ!"

ರೈಟೂ ಇಲ್ಲ, ಲೆಫ್ಟೂ ಇಲ್ಲ. ಆ ಒಂದು ಮಾತನ್ನು ಗುರಿ ಹಿಡಿದು ಪಾಪು ಓಡಿದಳು, ಹಾರಿದಳು. ಮರಳು ಅವಳನ್ನು ಹಿಡಿದುಕೊಂಡಿತು. ಟೇಪು ಎಳೆಯುತ್ತಿದ್ದ ಟೀಚರಮ್ಮ ಖುಷಿಗೆ ಅತ್ತು ಮೂಗೆಳೆಯುವ ಸದ್ದು ಕೇಳಿದಾಗಲೇ ಅವಳಿಗೆ ಅರ್ಥವಾಯಿತು, ಜಿಗಿತ ಚೆನ್ನಾಗಿ ಬಿದ್ದಿದೆ. ಸಂಜೆ ಆಯ್ಕೆಯಾದವರ ಹೆಸರು ಕೂಗಿದಾಗ ಅವಳ ನೆಟ್ಟಗಿನ ಹೆಸರೇ ಮೈಕಿನಲ್ಲಿ ಬಂತು. ಅತ್ತೆ "ಇದ್ಯಾರು?" ಎಂದು ಅತ್ತಿತ್ತ ನೋಡಿ, ಆಮೇಲೆ ತಲೆ ಚಚ್ಚಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಮರುದಿನದಿಂದ ಮನೆಯಲ್ಲಿ ಅವಳದೇ ಹೊಸ ಕಾನೂನು: "ಕೂತಲ್ಲೇ ಯಾಕೆ ಕೂತಿದ್ದೀಯ? ಮೆಟ್ಟಿಲು ಹತ್ತಿ ಇಳಿ, ಕಾಲಿಗೆ ಬಲ ಬರುತ್ತೆ."

ಕೂಟ ನಡೆದದ್ದು ದೂರದ ದೇಶದಲ್ಲಿ. ಟೀಚರಮ್ಮ ಅಪ್ಪ ಮಗಳಿಬ್ಬರನ್ನೂ ಕರೆದುಕೊಂಡು ಹೋದರು. ಅಲ್ಲಿ ಗಾಲಿ ಕುರ್ಚಿಗಳು ಸುಯ್ಯೆಂದು ಹಾದುಹೋಗುತ್ತಿದ್ದವು, ಕೃತಕ ಕಾಲುಗಳು ನೆಲಕ್ಕೆ ತಾಗಿ ಟಕಟಕ ಎನ್ನುತ್ತಿದ್ದವು. ಯಾರೂ ಯಾರನ್ನೂ ಪಾಪ ಎನ್ನುತ್ತಿರಲಿಲ್ಲ, ಎಲ್ಲರಿಗೂ ಗೆಲ್ಲುವ ಆತುರ. ಭಾಷೆ ಬಾರದ ಪಾಪುವಿಗೆ ಊಟದ ಮೇಜಿನಲ್ಲಿ ಅಲ್ಲೂ ಒಂಟಿತನವೇ. ಆದರೆ ಅದು ಅವಳು ಆಡಲು ಹೋಗಿ ಪಡೆದ ಒಂಟಿತನ, ಅದರಲ್ಲಿ ಅವಮಾನವಿರಲಿಲ್ಲ. ಜಿಗಿಯುವ ದಿನ ಅಷ್ಟು ದೊಡ್ಡ ಕ್ರೀಡಾಂಗಣ ಉಸಿರು ಹಿಡಿದು ಕೂತಿತು. ಗುರುತಿಲ್ಲದ ಆ ಜನರೆಲ್ಲ ತನಗಾಗಿ ಸುಮ್ಮನಿದ್ದಾರೆ, ತನಗೆ ಒಂದು ದನಿ ಕೇಳಲಿ ಎಂದು ಸುಮ್ಮನಿದ್ದಾರೆ ಎಂದುಕೊಂಡಳು ಪಾಪು. ಅಪ್ಪ "ಬಾ" ಎಂದ. ಆ ಮಾತಿನ ಅರ್ಥ ಗೊತ್ತಿದ್ದವರು ಅಲ್ಲಿ ಮೂವರೇ.

ಪದಕ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ? ಅವಳಿಗಿಂತ ದೂರ ಜಿಗಿದವರು ಬೇಕಾದಷ್ಟು ಜನ ಇದ್ದರು. ತಾನು ಅದುವರೆಗೆ ಜಿಗಿದದ್ದಕ್ಕಿಂತ ದೂರ ಜಿಗಿದಳು, ಕೈಗೆ ಬಂದದ್ದು ಅಷ್ಟೇ.

ವಾಪಸು ಬರುವಾಗ ಅಪ್ಪನ ಗಂಟಲು ಪೂರ್ತಿ ಕೂತುಹೋಗಿತ್ತು. ಮಾತಾಡಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ದಾರಿಯುದ್ದಕ್ಕೂ ಮಾತಾಡಿದ್ದು ಮಗಳು. ಅಮ್ಮನ ಕೈ ಹೇಗಿತ್ತೆಂದು ಇನ್ನೂ ನೆನಪಿದೆ ಎಂದಳು. ತನ್ನನ್ನು ಮನೆಯಲ್ಲೇ ಬಿಟ್ಟು ಎಲ್ಲರೂ ಮದುವೆಗೆ ಹೋದ ದಿನ ಗೋಡೆಯ ಜೊತೆ ಮಾತಾಡಿದ್ದನ್ನು ಹೇಳಿದಳು. ಮೆಕ್ಯಾನಿಕ್ ಬೈಯುವ ಬೈಗುಳಗಳನ್ನು ಅವನ ದನಿಯಲ್ಲೇ ಬೈದು ತೋರಿಸಿದಳು. ಮುಂದಿನ ಕೂಟಕ್ಕೂ ಹೋಗುತ್ತೇನೆ ಎಂದಳು. ಕೊನೆಗೆ ತನಗೇ ಸಂಕೋಚವಾಗಿ ನಿಲ್ಲಿಸಿದಳು.

"ಬೇಜಾರಾಯ್ತಾ ಅಪ್ಪ? ತುಂಬಾ ಮಾತಾಡ್ಬಿಟ್ಟೆ."

ಡಾಕ್ಟರ ಮಾತು ಮುರಿದು ಅಪ್ಪ ಅವಳ ಕಿವಿಯ ಹತ್ತಿರ ಬಾಗಿದ. ದನಿ ಬರಲಿಲ್ಲ, ಬರೀ ಉಸಿರು ಬಂತು.

"ಹೇಳು. ಇನ್ನೂ ಹೇಳು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಆ ಮನೆ ಯಾವುದೆಂದು ನಿಮಗೆ ಗೊತ್ತು. ನಿಮ್ಮದೇ ಮನೆಯಾಗಿರಲೂಬಹುದು. ಅಂಗವೈಕಲ್ಯ ಇರುವವರಿಗೂ ಆಟವಿದೆ, ಮೈದಾನವಿದೆ, ಅವರಿಗೆಂದೇ ನಡೆಯುವ ದೊಡ್ಡ ದೊಡ್ಡ ಕೂಟಗಳಿವೆ. ಹತ್ತಿರದ ಶಾಲೆಯ ಡ್ರಿಲ್ ಟೀಚರನ್ನೋ ವಿಕಲಚೇತನರ ಕಲ್ಯಾಣ ಕಚೇರಿಯನ್ನೋ ವಿಚಾರಿಸಿ, ದಾರಿ ತೋರಿಸುತ್ತಾರೆ. ನಿಮಗೆ ಓಡಲು ಬಂದರೆ ಕಣ್ಣು ಕಾಣದ ಓಟಗಾರರ ಜೊತೆಗೆ ಓಡಿ. ಗಂಟಲಿದ್ದರೆ ಕೂಗಿ. ಎರಡೂ ಇಲ್ಲವಾದರೆ ಹೋಗಿ ನೋಡಿ, ಅವರು ಜಿಗಿಯುವಾಗ ಸುಮ್ಮನಿರಿ, ಜಿಗಿದ ಮೇಲೆ ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿ. ಆದರೆ ಮೊದಲು ಆ ಬಾಗಿಲು ತಟ್ಟಿ. ನಾಳೆ ನೋಡೋಣ ಎನ್ನಬೇಡಿ. ಒಳಗೆ ಕೂತವರು ನಿಮ್ಮ ಎಷ್ಟೋ ನಾಳೆಗಳನ್ನು ಆಗಲೇ ಕಾದು ಕಳೆದಿದ್ದಾರೆ.