ಹೇಮಾಕ್ಷಿ ಇದ್ದ ರೇಡಿಯೊ

೧

ಈ ಕಥೆಯನ್ನು ಗಂಟಲಿನಿಂದ ಶುರು ಮಾಡಬೇಕೋ ಕಾರಿನಿಂದಲೋ ಎಂದು ತೀರ್ಮಾನವಾಗದೆ, ಎರಡೂ ಥರ ಬರೆದು ಎರಡನ್ನೂ ಅಳಿಸಿದ್ದೇನೆ. ಗಂಟಲಿನಿಂದ ಶುರು ಮಾಡಿದರೆ ನೀವು ಮೊದಲ ಪುಟದಲ್ಲೇ ಕಣ್ಣೊರೆಸಿಕೊಳ್ಳುತ್ತೀರಿ, ಅದು ಅಗ್ಗದ ಕೆಲಸ. ಕಾರಿನಿಂದ ಶುರು ಮಾಡಿದರೆ ನಿಮ್ಮಲ್ಲಿ ಅರ್ಧ ಜನ, ಓ ವಿಡಿಯೊ ಗೇಮಾ, ಮಕ್ಕಳದ್ದು ಎಂದು ಪುಟ ಮಗುಚುತ್ತೀರಿ. ಸರಿ, ಕಾರು. ಹೋಗುವವರು ಹೋಗಿ.

ಮಂಗಳೂರಿನ ಕುಲಶೇಖರದ ಒಂದು ಮನೆಯಲ್ಲಿ, ಒಂದು ಭಾನುವಾರ, ನಿರೀಕ್ಷಾ ಟಿವಿಯೆದುರು ಕೂತು ಕಾರು ಓಡಿಸುತ್ತಿದ್ದಳು. (ಲ್ಯಾಬ್ ಒಂದರಲ್ಲಿ ಕೆಲಸಕ್ಕಿರುವ ಹುಡುಗಿ, ಮಗುವಲ್ಲ.) ಆಟದಲ್ಲಿ ಯಾವ ಭೂಪಟದಲ್ಲೂ ಇಲ್ಲದ ಒಂದು ಊರು, ಅದಕ್ಕೊಂದು ಕಡಲತೀರ, ಕಾರಿನೊಳಗೊಂದು ರೇಡಿಯೊ. ರೇಡಿಯೊದಲ್ಲಿ ಲೋಕದ ಎಲ್ಲೆಲ್ಲಿಯದೋ ಹಾಡುಗಳು. ಅವಳು ಸ್ಟೇಷನ್ ಬದಲಿಸಿದಳು. ಒಬ್ಬ ಹೆಂಗಸು ತುಳುವಿನಲ್ಲಿ ಹಾಡತೊಡಗಿದಳು. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಗದ್ದೆಯಲ್ಲಿ ಹಾಡುವ ಹಳೆಯ ಪದ. ಅದರ ಹಿನ್ನೆಲೆಗೆ ಯಾರೋ ಡ್ರಮ್ ಸೇರಿಸಿದ್ದರು.

ನಿರೀಕ್ಷಾಳ ಕಾರು ದೀಪದ ಕಂಬಕ್ಕೆ ಗುದ್ದಿ ನಿಂತಿತು.

"ಅಮ್ಮಾ, ಬೇಗ ಬಾ! ಇಲ್ಲಿ ನೀನು ಹಾಡ್ತಾ ಇದ್ದಿ!"

ಹೇಮಾಕ್ಷಿ ಅಡುಗೆಮನೆಯಿಂದ ಬಂದಳು. ನಿಂತುಕೊಂಡೇ ಕೊನೆಯವರೆಗೆ ಕೇಳಿದಳು. ಆಮೇಲೆ ಪಿಸುದನಿಯಲ್ಲಿ, "ಶ್ರುತಿ ಸ್ವಲ್ಪ ಇಳಿದಿದೆ" ಅಂದಳು. ಅಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಪಿಸುದನಿ ಯಾಕೆಂದರೆ (ನೋಡಿ, ಗಂಟಲು ಬಂದೇಬಿಟ್ಟಿತು) ಅವಳಿಗೆ ಥೈರಾಯ್ಡ್ ಆಪರೇಷನ್ ಆಗಿತ್ತು. ಗಡ್ಡೆ ಹೋಯಿತು, ಜೀವ ಉಳಿಯಿತು, ಸ್ವರದ ನರ ಮಾತ್ರ ಮತ್ತೆ ಎದ್ದೇಳಲಿಲ್ಲ. ಸೀರೆ ಅಂಗಡಿಯ ಕೌಂಟರಿನಲ್ಲಿ ನಿಂತು, "ಬನ್ನಿ ಅಕ್ಕ, ಹೊಸ ಸ್ಟಾಕ್ ಉಂಟು" ಎಂದು ರಸ್ತೆಯವರೆಗೂ ಕೇಳುವಂತೆ ಕರೆಯುತ್ತಿದ್ದವಳು ಈಗ ಅದೇ ಅಂಗಡಿಯ ಒಳಕೋಣೆಯಲ್ಲಿ ಸೀರೆ ಮಡಚುತ್ತಾಳೆ.

೨

(ಒಂದು ತಪ್ಪೊಪ್ಪಿಗೆಯಲ್ಲ, ಮಾಹಿತಿ. ಈ ಮನೆಯವರು ಮಾತಾಡುವುದು ತುಳು. ನಾನು ಬರೆಯುತ್ತಿರುವುದು ಕನ್ನಡ. ಅಂದರೆ ಅವರ ಬಾಯಲ್ಲಿದ್ದದ್ದನ್ನು ತೆಗೆದು ಬೇರೇನೋ ಹಾಕಿದ್ದೇನೆ. ನನ್ನದೂ ಒಂದು ಅಪ್‌ಡೇಟ್ ಎಂದುಕೊಳ್ಳಿ, ಇನ್ನೊಂದು ಮುಂದೆ ಬರುತ್ತದೆ.)

ಆ ಹಾಡು ಅಲ್ಲಿಗೆ ಹೋದದ್ದು ಹೀಗೆ. ಬಹಳ ಹಿಂದೆ ಪಂಪ್‌ವೆಲ್ ಬಳಿ ಲ್ಯಾನ್ಸಿ ಎಂಬವನ ಸಣ್ಣ ರೆಕಾರ್ಡಿಂಗ್ ಸ್ಟುಡಿಯೊ ಇತ್ತು. ಹಳೆಯ ಪದಗಳನ್ನು ಸಂಗ್ರಹಿಸುವ ಹುಚ್ಚಿನಲ್ಲಿ ಅವನು ಹೇಮಾಕ್ಷಿಯಿಂದ ಒಂದು ಹಾಡಿಸಿದ್ದ. ಅವಳ ಅಮ್ಮ ಗದ್ದೆಯಲ್ಲಿ ಹಾಡುತ್ತಿದ್ದ ಪದ. ಆಮೇಲೆ ಲ್ಯಾನ್ಸಿ ಎಲ್ಲವನ್ನೂ ಒಂದು ವಿದೇಶಿ ಸಂಗೀತ ಕಂಪನಿಗೆ ಬರೆದುಕೊಟ್ಟ. ಅವರು ಗೇಮಿನವರಿಗೆ ಕೊಟ್ಟರು. ಹೇಮಾಕ್ಷಿಗೆ ಯಾರೂ ಹೇಳಲಿಲ್ಲ. ಸಾಗರದಾಚೆಯ ಸಾವಿರಾರು ಹುಡುಗರು ಅವಳ ದನಿ ಕೇಳುತ್ತ ಒಬ್ಬರಿಗೊಬ್ಬರು ಗುದ್ದುತ್ತಿದ್ದಾಗ ಅವಳು ಕೌಂಟರಿನಲ್ಲಿ ಸೀರೆಯ ಸೆರಗು ಬಿಡಿಸಿ ತೋರಿಸುತ್ತಿದ್ದಳು.

ಆ ಭಾನುವಾರದ ನಂತರ ಸಂಜೆಗಳಿಗೆ ಒಂದು ಕ್ರಮ ಬಂತು. ನಿರೀಕ್ಷಾ ರೇಸ್ ಬಿಟ್ಟು ಕಾರನ್ನು ಆ ಕಡಲತೀರಕ್ಕೆ ಒಯ್ದು ನಿಲ್ಲಿಸುತ್ತಿದ್ದಳು. ರೇಡಿಯೊದಲ್ಲಿ ಬೇಕಾದ ಹಾಡನ್ನು ಆರಿಸುವ ಹಾಗಿಲ್ಲ, ಅದಾಗಿ ಬರುವವರೆಗೆ ಕಾಯಬೇಕು. ಮೂವರೂ ಕಾಯುತ್ತಿದ್ದರು. ಹೇಮಾಕ್ಷಿಯ ಗಂಡ ಜಯ, ಹಾರ್ಡ್‌ವೇರ್ ಅಂಗಡಿ ಮುಚ್ಚಿ ಬಂದವನು, ಪೇಪರ್ ಹಿಡಿದು ಕೂರುತ್ತಿದ್ದ. ಹಾಡು ಬಂದಾಗ ಅವನ ಪೇಪರಿನ ಪುಟ ತಿರುಗುತ್ತಿರಲಿಲ್ಲ.

"ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಬಾರದಿತ್ತಾ?" ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ನಿರೀಕ್ಷಾ ನನ್ನನ್ನೇ ತಿರುಗಿ ಕೇಳಿದಳು: "ನಿಮ್ಮ ಮನೆಯ ಬಾವಿ ನೀರನ್ನು ನೀವು ಬಾಟ್ಲಿಯಲ್ಲಿ ತುಂಬಿಸಿ ಇಡ್ತೀರಾ?"

೩

ಬಾವಿ ಬತ್ತಿದ್ದು ಒಂದು ಸಾಧಾರಣ ಬೆಳಿಗ್ಗೆ. ಆಟ ತಾನಾಗಿ ಅಪ್‌ಡೇಟ್ ಆಗಿತ್ತು. ಪರದೆಯ ಮೂಲೆಯಲ್ಲಿ ಒಂದು ಸಾಲು: ಪರವಾನಗಿಯ ಅವಧಿ ಮುಗಿದ ಕಾರಣ ಕೆಲವು ಹಾಡುಗಳನ್ನು ತೆಗೆಯಲಾಗಿದೆ. ಸಂಜೆ ಕಡಲತೀರದಲ್ಲಿ ಕಾರು ನಿಲ್ಲಿಸಿ ಕಾದರು. ಬೇರೆ ಹಾಡುಗಳೆಲ್ಲ ಬಂದು ಸುತ್ತು ಹೊಡೆದು ಮತ್ತೆ ಅವೇ ಬಂದವು.

"ಇವತ್ತು ಇಲ್ಲವಾ?" ಎಂದಳು ಹೇಮಾಕ್ಷಿ. ನಾಟಕದ ತಾಲೀಮಿಗೆ ಯಾರೋ ಬಾರದಿದ್ದಾಗ ಕೇಳುವ ಹಾಗೆ.

ಜಯ ಪೇಪರ್ ಕೆಳಗಿಟ್ಟ. "ದುಡ್ಡು ಕೊಟ್ಟು ತೆಗೊಂಡದ್ದಲ್ವಾ ಇದು? ಸೋಫಾ ತೆಗೊಂಡ ಮೇಲೆ ಅಂಗಡಿಯವ ಮನೆಗೆ ಬಂದು ಒಂದು ಕಾಲು ಬಿಚ್ಚಿಕೊಂಡು ಹೋಗ್ತಾನಾ?"

ಅವನೇ ಕಸ್ಟಮರ್ ಕೇರಿಗೆ ಫೋನು ಮಾಡಿದ. ಹಿಂದೆ ಗಲ್ಫಿನಲ್ಲಿ ಕೆಲಸಕ್ಕಿದ್ದಾಗ ಕಲಿತ ಇಂಗ್ಲಿಷು ಇನ್ನೂ ಸ್ವಲ್ಪ ಉಳಿದಿತ್ತು.

"ಸರ್, ಮೈ ವೈಫ್ ವಾಸ್ ಇನ್ ದ ರೇಡಿಯೊ. ನೌ ಶಿ ಈಸ್ ನಾಟ್ ದೇರ್."

ಆ ಕಡೆಯವನು, ಗೇಮ್ ಸರಿಯಾಗಿ ಓಪನ್ ಆಗುತ್ತಿದೆಯೇ ಎಂದು ಕೇಳಿದ. ಆಗುತ್ತಿದೆ ಎಂದು ಜಯ ಒಪ್ಪಿಕೊಳ್ಳಬೇಕಾಯಿತು. ಹಾಗಾದರೆ ಸಮಸ್ಯೆ ಬಗೆಹರಿದಿದೆ ಎಂದು ಆ ಕಡೆಯವನು ಧನ್ಯವಾದ ಹೇಳಿದ.

ನಿರೀಕ್ಷಾ ಲ್ಯಾನ್ಸಿಯನ್ನು ಹುಡುಕಿಕೊಂಡು ಹೋದಳು. ಸ್ಟುಡಿಯೊ ಇದ್ದಲ್ಲಿ ಈಗ ಮೊಬೈಲ್ ಅಂಗಡಿ; ಲ್ಯಾನ್ಸಿ ಅದರ ಹಿಂದಿನ ಮನೆಯಲ್ಲಿ ಸಿಕ್ಕಿದ.

"ಹಾರ್ಡ್ ಡಿಸ್ಕ್ ಸತ್ತು ಎಷ್ಟೋ ಕಾಲ ಆಯ್ತು ಮಗಾ. ನನ್ನ ಹತ್ರ ನಿನ್ನಮ್ಮನ ಸ್ವರ ಇಲ್ಲ" ಎಂದ. ಗೇಟಿನವರೆಗೂ ಬಂದು, "ಚಂದ ಇತ್ತು" ಎಂದು ಸೇರಿಸಿದ.

ನೆಟ್ಟಿನಲ್ಲಿ ಯಾರೋ ಹಾಕಿದ್ದ ಆ ಆಟದ ವಿಡಿಯೊ ಒಂದಿತ್ತು. ಕಾಪಿರೈಟಿನ ಹೆಸರಲ್ಲಿ ಅದರ ಸದ್ದನ್ನೂ ಕತ್ತರಿಸಿದ್ದರು. ಕಾರು ಸದ್ದಿಲ್ಲದೆ ಓಡುತ್ತಿತ್ತು.

೪

ಆಟದ ಅಭಿಮಾನಿಗಳ ಗುಂಪಿನಲ್ಲಿ ನಿರೀಕ್ಷಾ ಬರೆದಳು: ಅಪ್‌ಡೇಟ್ ಮಾಡದ ಹಳೆಯ ಆಟ ಯಾರ ಬಳಿಯಾದರೂ ಉಂಟಾ? ದೂರದೂರದ ದೇಶದವರು ಸಂತಾಪ ಸೂಚಿಸಿದರು. ಕೊನೆಗೆ ಒಂದು ಉತ್ತರ: "ನೀವು ಮಂಗ್ಳೂರಾ? ನಾನು ದೇರೆಬೈಲ್. ನಮ್ಮಲ್ಲಿ ಉಂಟು." ಬರೆದವಳು ರುಮೈಸಾ.

(ಕಾಕತಾಳೀಯ ಎಂದು ಬೈಯಬೇಡಿ. ಈ ಊರಿನಲ್ಲಿ ಬಸ್ಸಿನ ಪಕ್ಕದ ಸೀಟಿನವರೂ ಹೇಗೋ ಗುರುತಿನವರೇ ಆಗಿರುತ್ತಾರೆ.)

ಇಲ್ಲಿಂದ ಮುಂದಿನದ್ದನ್ನು ನಾನು ಮೊದಲು ಬರೆದದ್ದು ಬೇರೆ. ರುಮೈಸಾಳ ಗಂಡ ಅರ್ಶದ್ ಈ ಆಟ ಆಡುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳು ಅದನ್ನು ಮುಟ್ಟಿಲ್ಲ. ಚೆನ್ನಾಗಿ ಬಂದಿತ್ತು. ರುಮೈಸಾ ಓದಿ ಸಿಟ್ಟಾದಳು.

"ನನ್ನ ಗಂಡನನ್ನು ಎಂತಕ್ಕೆ ಸಾಯಿಸಿದ್ದು ನೀವು?"

"ಕಥೆಗೆ ತೂಕ ಬರಲಿ ಅಂತ."

"ಜೀವ ಇದ್ದವರಿಗಾಗಿ ಕಾಯುವುದಕ್ಕೆ ತೂಕ ಇಲ್ವಾ? ಮೂರು ವರ್ಷ ಆಯ್ತು ಅವರು ಬಾರದೆ. ಪ್ರತಿ ಸಲ ರಜೆ ಅಂತಾರೆ, ಪ್ರತಿ ಸಲ ಕಂಪನಿ ಬಿಡುವುದಿಲ್ಲ. ತೆಗೀರಿ ಅದನ್ನು."

ತೆಗೆದೆ. ಅರ್ಶದ್ ಗಲ್ಫಿನ ಜುಬೈಲಿನಲ್ಲಿ ಜೀವಂತ ಇದ್ದಾನೆ. ಹೊರಡುವ ದಿನ ಒಂದು ರೇಸನ್ನು ಅರ್ಧಕ್ಕೆ ನಿಲ್ಲಿಸಿ, ಕಾರನ್ನು ಸೇತುವೆಯ ಮೇಲೆ ಬಿಟ್ಟು, "ಬಂದು ಮುಗಿಸ್ತೇನೆ" ಎಂದು ಹೋದವನು. ನೆಟ್ ಜೋಡಿಸಿದರೆ ಏನಾದರೂ ಅಳಿಸಿಹೋದೀತೆಂದು ರುಮೈಸಾ ಆ ವಯರನ್ನೇ ಕಿತ್ತಿಟ್ಟಿದ್ದಳು.

೫

ಶುಕ್ರವಾರ ಮಧ್ಯಾಹ್ನದ ಮೇಲೆ ಹೇಮಾಕ್ಷಿ, ಜಯ, ನಿರೀಕ್ಷಾ ದೇರೆಬೈಲಿಗೆ ಹೋದರು. ರುಮೈಸಾಳ ಅತ್ತೆ ಝೈನಬ್ ಚಾ ಮತ್ತು ಗೋಳಿಬಜೆ ತಂದಿಟ್ಟು ಮತ್ತೆ ಒಳಗೆ ಹೋದಳು.

"ಆಂಟಿ, ಒಂದೇ ಮಾತು" ಎಂದಳು ರುಮೈಸಾ. "ಕಾರನ್ನು ಓಡಿಸಬೇಡಿ. ಅವರು ಬಿಟ್ಟ ಜಾಗದಲ್ಲೇ ಇರಲಿ. ರೇಡಿಯೊ ಮಾತ್ರ ಹಾಕುವಾ."

ಪರದೆಯ ಮೇಲೆ ಸೇತುವೆ, ಅದರ ಮೇಲೆ ಒಂದು ಕೆಂಪು ಕಾರು. ರೇಡಿಯೊ ಹಾಕಿದರು. ಯಾವುದೋ ಗಿಟಾರ್. ಯಾವುದೋ ಗಂಡಸಿನ ಕೂಗಾಟ. ಚಾ ತಣ್ಣಗಾಯಿತು. ಜಯ ಪೇಪರ್ ಇಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲು ಹಿಡಿದುಕೊಂಡಿದ್ದ. ನಿರೀಕ್ಷಾ ಈ ಸಲ ಫೋನನ್ನು ರೆಕಾರ್ಡಿಂಗಿಗೆ ಹಾಕಿ ಸ್ಪೀಕರಿನ ಹತ್ತಿರ ಹಿಡಿದಿದ್ದಳು.

ಆಮೇಲೆ ಡ್ರಮ್ಮು. ಅದರ ಮೇಲೆ ಹೇಮಾಕ್ಷಿಯ ದನಿ, ರಸ್ತೆಯವರೆಗೂ ಕೇಳುವಂಥದ್ದು.

ಒಂದು ಸಾಲು ಮುಗಿಯುವಷ್ಟರಲ್ಲಿ ಅಡುಗೆಮನೆಯಿಂದ ಝೈನಬ್ ಓಡಿ ಬಂದಳು. "ಯಾ ಅಲ್ಲಾ, ಇದು ನಮ್ಮ ಅರ್ಶದನ ಪದ!" ಎಂದವಳೇ ಜೊತೆಗೆ ಹಾಡತೊಡಗಿದಳು. ಅವಳಿಗೆ ಪೇಟೆಯ ತುಳು ಗೊತ್ತು, ಗದ್ದೆಯ ತುಳು ಗೊತ್ತಿಲ್ಲ. ಮಗ ಆಡುವಾಗ ಗೋಡೆಯಾಚೆಯಿಂದ ಕೇಳಿದ್ದು ಅರ್ಧಂಬರ್ಧ. ಗೊತ್ತಿಲ್ಲದ ಕಡೆಯೆಲ್ಲ ತನಗೆ ತೋಚಿದ ಶಬ್ದ ತುಂಬಿಸಿ, ಗಟ್ಟಿಯಾಗಿ, ಕಣ್ಣು ಮುಚ್ಚಿ ಹಾಡಿದಳು.

ನಿರೀಕ್ಷಾ ಹೌಹಾರಿ ಕೈಸನ್ನೆ ಮಾಡಿದಳು. ರುಮೈಸಾ, "ಮಾಮೀ, ಒಂದು ನಿಮಿಷ..." ಎಂದು ಎದ್ದಳು. ಹೇಮಾಕ್ಷಿ ಇಬ್ಬರ ಕೈಯನ್ನೂ ಹಿಡಿದು ಕೂರಿಸಿದಳು.

ಹಾಡು ಮುಗಿಯಿತು. ಫೋನಿನಲ್ಲಿ ಉಳಿದದ್ದು ಎರಡು ದನಿ, ಒಂದರ ಮೇಲೊಂದು.

"ಇನ್ನೊಮ್ಮೆ ಬರುವವರೆಗೆ ಕಾಯುವಾ ಅಮ್ಮ. ಕ್ಲೀನ್ ಆಗಿ ತೆಗೀಬಹುದು."

"ಬೇಕಾದ್ರೆ ತೆಗಿ" ಎಂದಳು ಹೇಮಾಕ್ಷಿ. ಆದರೆ ಅವಳು ಎದ್ದಾಗಿತ್ತು. ಝೈನಬಳ ಹತ್ತಿರ ಹೋಗಿ, ಕಿವಿಯ ಬಳಿ ಬಾಗಿ, ತಪ್ಪಿದ ಶಬ್ದಗಳನ್ನು ಒಂದೊಂದಾಗಿ ಹೇಳತೊಡಗಿದಳು. ಝೈನಬ್ ಅವಳ ಮುಖವನ್ನೂ ಟಿವಿಯನ್ನೂ ನೋಡಿದಳು.

"ಅದು ನೀವಾ?"

ಹೇಮಾಕ್ಷಿ ಹೌದೆಂದು ತಲೆಯಾಡಿಸಿದಳು. ಆಗ ಜಯ, ಅಷ್ಟೂ ಸಂಜೆಗಳಲ್ಲಿ ಒಮ್ಮೆಯೂ ಅಳದವನು, ಹೊರಗೆ ಹೋಗಿ ಜಗಲಿಯಲ್ಲಿ ನಿಂತ.

೬

ಈಗ ನಿಮಗೆ ಮುಕ್ತಾಯ ಬೇಕು. ನನ್ನ ಬಳಿ ಕೆಲವಿವೆ. ಕಂಪನಿ ಮನಸ್ಸು ಬದಲಿಸಿ ಹಾಡನ್ನು ವಾಪಸು ಹಾಕುತ್ತದೆ (ನೀವೇ ನಗುತ್ತೀರಿ). ಹೇಮಾಕ್ಷಿಯ ಸ್ವರ ಮರಳುತ್ತದೆ (ಡಾಕ್ಟರು ನಗುವುದಿಲ್ಲ, ಫೈಲು ಮುಚ್ಚುತ್ತಾರೆ). ಅದೇ ಶುಕ್ರವಾರ ಅರ್ಶದ್ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ.

"ಅದನ್ನು ಬರೀರಿ" ಎಂದಳು ರುಮೈಸಾ.

"ಅವನು ಬಂದಿಲ್ಲವಲ್ಲ."

"ಬರೆದು ಇಡಿ. ಓದಿ ನೋಡ್ತೇನೆ, ಮತ್ತೆ ಅಳಿಸಿ."

ಬರೆದೆ. ಅವಳು ಓದಿದಳು. ಎರಡನೇ ಸಲವೂ ಓದಿದಳು. ಅಳಿಸಿ ಎಂದು ಅವಳು ಇನ್ನೂ ಹೇಳಿಲ್ಲ, ಹಾಗಾಗಿ ಆ ಪುಟ ನನ್ನಲ್ಲಿದೆ, ನಿಮಗೆ ಕೊಡುವುದಿಲ್ಲ.

ನಿಮಗೆ ಕೊಡಬಹುದಾದದ್ದು ಇಷ್ಟೇ. ಹೇಮಾಕ್ಷಿ ಈಗ ಬಿಡುವಾದಾಗ ದೇರೆಬೈಲಿನ ಬಸ್ಸು ಹತ್ತುತ್ತಾಳೆ. ಟಿವಿ ಹಾಕುವುದಿಲ್ಲ. ಅವಳು ಪಿಸುಗುಟ್ಟುತ್ತಾಳೆ, ಝೈನಬ್ ಹಾಡುತ್ತಾಳೆ. ರಾಗ ಬಂದರೆ ಶಬ್ದ ಜಾರುತ್ತದೆ, ಶಬ್ದ ಹಿಡಿದರೆ ರಾಗ ಓಡುತ್ತದೆ. ಗದ್ದೆಯನ್ನೇ ಕಾಣದವಳ ಬಾಯಲ್ಲಿ ನೇಜಿಯ ಪದ ಬೇರೆಯೇ ಆಗುತ್ತಿದೆ; ಅದು ಉಳಿಯುವುದೋ ಇನ್ನೊಂದು ಬಗೆಯಲ್ಲಿ ಅಳಿಯುವುದೋ ನನಗೆ ತಿಳಿಯದು. ಹೇಮಾಕ್ಷಿಯನ್ನು ಕೇಳಿದೆ.

"ಈಗ ಮಾತಾಡ್ಬೇಡಿ ಮಾರಾಯ್ರೆ" ಎಂದಳು, ನನ್ನತ್ತ ನೋಡದೆ. ಅವಳ ಕೈ ಝೈನಬಳ ಬೆನ್ನ ಮೇಲಿತ್ತು, ಎಲ್ಲಿ ಸ್ವರ ಎತ್ತಬೇಕೆಂದು ತಟ್ಟಿ ತೋರಿಸಲು. ಝೈನಬ್ ಬಾಯಿ ತೆರೆದಿದ್ದಳು