ಬಟ್ಟೆಯ ಮೇಲಿನ ಬಾಗಿಲು

ಪ್ರವಾಸಿಗರ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಪುರಸಭೆಯವರು ಮುದುಕಿ ಕಾಪಿತೋಲಿನಾಳ ಹಳೆಯ ಮರದ ಮನೆಯ ಮುಂಭಾಗಕ್ಕೆ ಚಿತ್ರದ ಬಟ್ಟೆ ಬಿಗಿಸಿದರು. ಬಟ್ಟೆಯ ಮೇಲೆ ಕೆತ್ತನೆಯ ಕಿಟಕಿ, ಜೆರೇನಿಯಂ ಹೂವು, ಹಸಿರು ಬಾಗಿಲು. ಅದರ ಹಿಂದೆ ಅವಳ ನಿಜವಾದ ಕಿಟಕಿ, ನಿಜವಾದ ಬಾಗಿಲು. ಎರಡು ವರ್ಷ ಅವಳು ಹಗಲಲ್ಲೂ ದೀಪ ಹಾಕಿಕೊಂಡು ಬದುಕಿದಳು, ಹಿತ್ತಲಿನಿಂದ ಓಡಾಡಿದಳು. ಮೊನ್ನೆ ಸತ್ತಳು.

ಶವಪೆಟ್ಟಿಗೆ ಎರಡು ಸ್ಟೂಲುಗಳ ಮೇಲಿತ್ತು. ಸಾವಿನ ಮನೆಯ ರೂಢಿಯಂತೆ ಕನ್ನಡಿಗೆ ಮುಸುಕು ಹಾಕಿದ್ದರು. ಜೀವ ಹೊರಗೆ ಹೋಗಲೆಂದು ಮಗಳು ತೈಸಿಯಾ ಕಿಟಕಿ ತೆರೆದಿಟ್ಟಿದ್ದಳು; ಬಟ್ಟೆ ಅಡ್ಡ ನಿಂತಿತ್ತು.

"ನನ್ನ ಬಾಗಿಲಿಂದಲೇ ನನ್ನ ಹೊರಗೆ ಕರ್ಕೊಂಡು ಹೋಗಿ ಅಂದಿದ್ಲು ಅಮ್ಮ."

"ಇವತ್ತಾಗೋಲ್ಲ," ಪುರಸಭೆಯ ಇಂಗಾ ಲ್ವೊವ್ನಾ ಗಡಿಯಾರ ನೋಡಿಕೊಂಡಳು. "ಹನ್ನೊಂದಕ್ಕೆ ಹಡಗಿನ ಜನ ಬರ್ತಾರೆ. ಹಳೇ ಊರು ನೋಡೋಕೆ ಬಂದೋರಿಗೆ ಹೆಣ ತೋರಿಸ್ಲಾ? ಹಿತ್ತಲಿಂದ ತಗೊಂಡ್ಹೋಗಿ."

"ಅಲ್ಲಿ ಸೌದೆ ಕೊಟ್ಟಿಗೆ ಸಂದು. ಪೆಟ್ಟಿಗೆ ಓರೆ ಮಾಡ್ಬೇಕಾಗುತ್ತೆ."

"ಸ್ವಲ್ಪ ಓರೆ ಆದ್ರೆ ಸತ್ತೋರೇನು ಬೈತಾರಾ?"

ಪಕ್ಕದ ಮನೆಯ ಪ್ರೋಖರ್ ತಲೆ ತಗ್ಗಿಸಿದ. ಅವನು ಪುರಸಭೆಯ ಬಡಗಿ. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಆ ಬಟ್ಟೆಗೆ ಮೊಳೆ ಹೊಡೆದವನು ಅವನೇ.

*

ಮೊಳೆ ಹೊಡೆದ ಅವತ್ತು ಕಾಪಿತೋಲಿನಾ ಪ್ರೋಖರನ ಏಣಿಯ ಕೆಳಗೆ ನಿಂತಿದ್ದಳು. ಮೂವತ್ತು ವರ್ಷ ಮ್ಯೂಸಿಯಂ ನೆಲ ಒರೆಸಿ ಮಂಡಿ ಸವೆಸಿಕೊಂಡವಳು.

"ಪ್ರೋಶಾ, ನಾನಿನ್ನೂ ಒಳಗಿದೀನಿ ಕಣೋ." ಅವಳು ಪ್ರೋಖರನನ್ನು ಕರೆಯುತ್ತಿದ್ದುದೇ ಹಾಗೆ.

"ಆರ್ಡರ್ರು ಅಕ್ಕ. ಇದೊಂದು ಬೇಸಿಗೆ ಅಷ್ಟೇ."

"ಮ್ಯೂಸಿಯಂನಲ್ಲಿ ಸತ್ತೋರ ಕುರ್ಚಿಗೆ ಹಗ್ಗ ಕಟ್ತಾರೆ, ಯಾರೂ ಕೂರಬಾರ್ದು ಅಂತ. ನೀನು ಬದುಕಿರೋಳಿಗೇ ಕಟ್ತಿದೀಯಲ್ಲೋ."

ಬೈದರೂ ಇಳಿದ ಮೇಲೆ ಚಹಾ ಕೊಟ್ಟಳು. ಅವಳ ಕಿಟಕಿಯ ಜೆರೇನಿಯಂ ಚಳಿಗಾಲಕ್ಕೆ ಮೊದಲೇ ಸತ್ತಿತು. ಬಟ್ಟೆಯ ಮೇಲಿನದು ಇನ್ನೂ ಕೆಂಪಗಿತ್ತು.

*

ನದಿಯ ಕಡೆಯಿಂದ ಹಡಗು ಕೂಗಿತು. ತೈಸಿಯಾ ಪ್ರೋಖರನ ಮುಖ ನೋಡಿದಳು.

ಅವನು ಹಿತ್ತಲಿನಿಂದ ಸುತ್ತಿ ಬೀದಿಗೆ ಬಂದು, ಜೇಬಿನ ಚಾಕು ಬಿಚ್ಚಿ, ಚಿತ್ರದ ಬಾಗಿಲನ್ನು ಮೇಲಿಂದ ಕೆಳಕ್ಕೆ ಸೀಳಿದ. ಹಿಂದಿನ ನಿಜವಾದ ಬಾಗಿಲು ನರಳುತ್ತ ತೆರೆದುಕೊಂಡಿತು.

"ಪ್ರೋಖರ್! ಹಡಗಿನವರ ಬಸ್ಸು ಬಂತು!" ಇಂಗಾ ಓಡಿಬಂದಳು. "ಬಟ್ಟೆಯ ಎರಡೂ ಅಂಚು ಕೂಡ್ಸಿ ಹಿಡ್ಕೊಂಡು ನಿಂತ್ಕೋ! ಇಲ್ಲಾಂದ್ರೆ ನಾಳೆಯಿಂದ ಕೆಲಸ ಇರೋಲ್ಲ ನಿಂಗೆ!"

ತೈಸಿಯಾ ಶವದ ದಾರಿಗೆ ಹಾಸುವ ಫರ್ ಮರದ ಹಸಿರು ಟೊಂಗೆಯೊಂದನ್ನು ಹೊಸ್ತಿಲಾಚೆ ಎಸೆದಳು. ಕಾಲು ಮುಂದಾಗಿ ಪೆಟ್ಟಿಗೆ ಹೊರಬಂತು. ಹರಿದ ಬಟ್ಟೆ ಅದರ ಮುಚ್ಚಳವನ್ನು ಸವರಿತು. ಪ್ರೋಖರ್ ಮುಂದಿನ ಮೂಲೆಗೆ ಹೆಗಲು ಕೊಟ್ಟ.

"ಆಗೋಲ್ಲ ಇಂಗಾ ಲ್ವೊವ್ನಾ," ಅಂದ. "ಕೈ ಖಾಲಿಯಿಲ್ಲ."