ಎರಡು ದಾಟಿದ ಮಧ್ಯಾಹ್ನ

ನಾನು ಒಂದು ಹರಳು. ಕುಲುಮೆಯ ಕುದಿಯುವ ದ್ರವದಲ್ಲಿ ವಾರಗಟ್ಟಲೆ ಬೆಳೆದವನು. ನನ್ನನ್ನು ಕಿರುಬೆರಳಿನ ಉಗುರಿನಷ್ಟು ಕತ್ತರಿಸಿ, ಉಜ್ಜಿ, ಧಾರವಾಡದ ಒಂದು ಪ್ರಯೋಗಾಲಯಕ್ಕೆ ಕಳಿಸಿದರು.

ನನ್ನ ಕೆಲಸ ಒಂದೇ. ನೇರಳೆ ಬೆಳಕಿನ ಕಣ ನನ್ನೊಳಗೆ ಹೊಕ್ಕಾಗ, ಕೋಟಿಗೊಮ್ಮೆ, ಅದು ಎರಡು ಕೆಂಪು ಕಣಗಳಾಗಿ ಹೊರಬೀಳುತ್ತದೆ. ಅವು ಎಷ್ಟು ದೂರ ಹೋದರೂ ಅವುಗಳ ನಂಟು ಹರಿಯುವುದಿಲ್ಲ. ನಡುವೆ ಯಾರಾದರೂ ಇಣುಕಿದರೆ ಮಾತ್ರ ನಂಟು ಕೆಡುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಆ ನಂಟಿನಿಂದ ಯಾರೂ ಕದಿಯಲಾರದ ಗುಟ್ಟಿನ ಸಂದೇಶ ಕಳಿಸಬೇಕೆಂದು ಮೆಹರುನ್ನೀಸಾ ಸಂಶೋಧನೆಗೆ ಕುಳಿತಳು. ಮೊದಲು ನಂಟನ್ನು ಸಾಬೀತು ಮಾಡಬೇಕಿತ್ತು. ಜೋಡಿಗಳ ಅಳತೆಗಳಿಂದ ಬರುವ ಸಂಖ್ಯೆ ಎರಡನ್ನು ದಾಟಬೇಕು.

ದಾಟಲಿಲ್ಲ. ಒಂದು ಮಳೆಗಾಲ ಕೋಣೆಯ ಏಸಿ ಕೆಟ್ಟು ನಿಂತಿತ್ತು. ತೇವ ತಾಗಿ ನನ್ನ ಮುಖದ ಮೇಲೆ ಮಂಜು ಕಟ್ಟಿತು. ಅವಳು ಕನ್ನಡಿ ಬದಲಿಸಿದಳು, ತಂತಿ ಬದಲಿಸಿದಳು. ತಪ್ಪು ನನ್ನದು ಎಂದು ಕೂಗಲು ನನಗೆ ಬಾಯಿಲ್ಲ. ಹೀಗೇ ಐದು ವರ್ಷ ಸವೆದವು.

ಕೊನೆಗೆ ಕೋಣೆ ಖಾಲಿ ಮಾಡಲು ಆದೇಶ ಬಂತು. ಅವಳ ಮಾರ್ಗದರ್ಶಕ ಕಟಗಿ ಸರ್ ಖಾಲಿ ಮಾಡಬೇಕಾದ ದಿನವೇ ನಿವೃತ್ತರಾಗುವವರಿದ್ದರು.

"ಸಾಕು ಬಿಡವಾ. ಐದು ಗಂಟೆಗೆ ಕೀಲಿ ಕೊಡಬೇಕು," ಎಂದರು.

"ಇನ್ನೂ ಹನ್ನೆರಡ ಆಗೇತ್ರಿ ಸರ್," ಎಂದಳು ಮೆಹರು.

ಅವಳು ಟಾರ್ಚ್ ಹಿಡಿದು ಮೊದಲ ಸಲ ನನ್ನ ಮುಖವನ್ನೇ ನೋಡಿದಳು. "ಅಯ್ಯೋ ಅಲ್ಲಾ! ಇಷ್ಟು ದಿನ ಇದನ್ನ ನೋಡ್ಲೇ ಇಲ್ಲಲ್ಲ!" ಮಂಜು ಹರಡದ ಒಂದು ಮೂಲೆ ಉಳಿದಿತ್ತು. ಕೂದಲೆಳೆಯಷ್ಟೇ ಸರಿಸುತ್ತ ನೇರಳೆ ಬೆಳಕನ್ನು ಅಲ್ಲಿಗೆ ತಂದಳು. ನಾನು ನನ್ನಲ್ಲಿದ್ದುದನ್ನೆಲ್ಲ ಕೊಟ್ಟೆ.

ಎರಡು ದಶಾಂಶ ಮೂರು ಒಂದು.

ಅವಳು ಸರ್ ಅವರನ್ನು ಕರೆದು ಆ ಸಂಖ್ಯೆ ತೋರಿಸಿದಳು. ಇನ್ನೊಮ್ಮೆ ಅಳೆಯುವಷ್ಟರಲ್ಲಿ, ಐದಕ್ಕೂ ಮೊದಲೇ, ಖಾಲಿ ಮಾಡಿಸಲು ಬಂದವರು ಕೋಣೆಯ ವಿದ್ಯುತ್ ಸಂಪರ್ಕ ಕಡಿದರು. ಅವಳು ಬೇಡಿಕೊಂಡಳು. ಯಾರೂ ಕೇಳಲಿಲ್ಲ.

"ಒಂದ ಸಲ ಬಂದದ್ದನ್ನ ಜಗತ್ತು ನಂಬಂಗಿಲ್ಲವಾ," ಎಂದರು ಸರ್.

"ನೀವು ನೋಡೀರಲ್ರಿ?"

ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ನಾನು ಗೋದಾಮಿನ ಒಂದು ಡ್ರಾಯರಿನಲ್ಲಿದ್ದೇನೆ. ಆ ಮೂಲೆಗೂ ಮಂಜು ಹರಡಿದೆ. ಕಟಗಿ ಸರ್ ಹೋದ ವರ್ಷ ತೀರಿಕೊಂಡರೆಂದು ಜವಾನರು ಮಾತಾಡಿಕೊಂಡರು. ಮೆಹರು ಎಲ್ಲಿದ್ದಾಳೋ ಯಾರೂ ಹೇಳಲಿಲ್ಲ. ಅವಳು ಸುಳ್ಳು ಹೇಳಲಿಲ್ಲ ಎನ್ನಲು ಇನ್ನು ಉಳಿದ ಸಾಕ್ಷಿ ನಾನೊಬ್ಬನೇ. ನನ್ನನ್ನು ಯಾರೂ ಕೇಳುವುದಿಲ್ಲ.